ವಾಪಸ್ ಮಾಷ್ಟ್ರು

ಮಣಿಪಾಲದ ಡಾಕ್ಟರು "ಇನ್ನು ಮನೆಯಲ್ಲೇ ನೋಡಿಕೊಳ್ಳಿ" ಎಂದು ಡಿಸ್ಚಾರ್ಜ್ ಚೀಟಿ ಕೈಗಿಟ್ಟರೆ, ಹಾಲಾಡಿ ಕಡೆಯವರು ಮಾಡುವ ಮೊದಲ ಫೋನು ಮನೆಗಲ್ಲ, ಮಾಷ್ಟ್ರಿಗೆ. ಆಂಬುಲೆನ್ಸು ಬ್ರಹ್ಮಾವರ ದಾಟುವುದರೊಳಗೆ ಮಾಷ್ಟ್ರ ಜಗಲಿಯಿಂದ ಫೌಲರ್ ಮಂಚ, ನೀರಿನ ಹಾಸಿಗೆ, ಕಮೋಡ್ ಕುರ್ಚಿ ಟೆಂಪೋ ಹತ್ತಿಯಾಗಿರುತ್ತದೆ. ಬಾಡಿಗೆ ಇಲ್ಲ. ಒಂದಿಷ್ಟು ಡಿಪಾಜಿಟ್, ಉದ್ದ ಪುಸ್ತಕದಲ್ಲಿ ಒಂದು ಸಹಿ, ಅಷ್ಟೆ.

ಇಂಥವರು ಹಾಲಾಡಿಗೆ ಮಾತ್ರ ಸೇರಿದವರಲ್ಲ. ಬೆಳ್ವೆಯಲ್ಲಿ ಅವರು ಅಂಗಡಿ ಇಟ್ಟಿರಬಹುದು, ಬಿದ್ಕಲ್‌ಕಟ್ಟೆಯಲ್ಲಿ ಸೊಸೈಟಿಯಿಂದ ನಿವೃತ್ತರಾಗಿರಬಹುದು. ಹಾಲಾಡಿಯಲ್ಲಿ ಮಾತ್ರ ಅವರು ಮಾಷ್ಟ್ರು. ಮೂವತ್ತು ವರ್ಷ ಹಾಜರಿ ಕರೆದ ಗಂಟಲು ನಿವೃತ್ತಿಯ ಮೇಲೆ ಸುಮ್ಮನೆ ಕೂರಲೊಲ್ಲದೆ ಈಗ ವಾಕರುಗಳ ಹಾಜರಿ ಕರೆಯುತ್ತದೆ. ಹಿಂದೆ ಅಕ್ಕಿ ಮುಡಿ ಪೇರಿಸಿಡುತ್ತಿದ್ದ ಕೋಣೆಯಲ್ಲಿ ಈಗ ಗಾಲಿಕುರ್ಚಿಗಳು. ಬಂದ ನೆಂಟರು ಒಮ್ಮೆ ಇಣುಕಿ, ದನಿ ತಗ್ಗಿಸಿ, "ಯಾರಿಗ್ ಹುಷಾರಿಲ್ಲೆ?" ಎನ್ನುತ್ತಾರೆ. ಮಾಷ್ಟ್ರ ಹೆಂಡತಿ, "ಊರಿಗೆ" ಎಂದು ಕಾಫಿಗೆ ನೀರಿಡುತ್ತಾರೆ.

ಸಾಮಾನು ಕೊಡುವಾಗ ಪಾಠ ಕಡ್ಡಾಯ. ವಾಕರಿನ ಹಿಡಿ, ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಮಟ್ಟಕ್ಕಿರಬೇಕು. ಕಾಲಿನ ರಬ್ಬರು ಸವೆದರೆ ತಿಳಿಸಬೇಕು, ಮಳೆಗಾಲದ ಒದ್ದೆ ಜಗಲಿಯಲ್ಲಿ ಅದೊಂದೇ ಆಧಾರ. ನೀರಿನ ಹಾಸಿಗೆ ಇದೆಯೆಂದು ನೆಮ್ಮದಿಯಿಂದ ಕೂರುವಂತಿಲ್ಲ, 2 ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುವುದೇ. 2021ರ ಕೊರೋನಾ ಎರಡನೇ ಅಲೆಯಲ್ಲಿ ಬಂದ 5 ಲೀಟರಿನ ಆಕ್ಸಿಜನ್ ಕಾನ್ಸಂಟ್ರೇಟರಿಗಂತೂ ಒಂದು ಪೂರ್ತಿ ಪೀರಿಯಡ್ ಬೇಕು. ಅದು ಕೋಣೆಯ ಗಾಳಿಯನ್ನೇ ಎಳೆದು, ನೈಟ್ರೋಜನ್ ಸೋಸಿ ಹೊರಗೆ ಬಿಡುವ ಯಂತ್ರ, ಸಿಲಿಂಡರಿನಂತೆ ತುಂಬಿಸುವುದು ಏನೂ ಇಲ್ಲ. ಆದರೆ ಕರೆಂಟು ಹೋದರೆ ಅದೂ ಹೋಯಿತು. ಆಕ್ಸಿಜನ್ನಿಗೆ ತೇವ ಕೊಡುವ ಬಾಟ್ಲಿಗೆ ಬಾವಿ ನೀರು ನೇರ ಹಾಕಬಾರದು, ಕುದಿಸಿ ಆರಿಸಿದ್ದಾಗಬೇಕು. "ಎಂತ ಹೇಳ್ದೆ? ಒಂದ್ ಸಲ ಹೇಳ್ ಕಾಂಬ." ಬೆಂಗಳೂರಿನಲ್ಲಿ ಎರಡು ಹೋಟೆಲಿನ ಧನಿ ಕೈಕಟ್ಟಿ ನಿಂತು ಒಪ್ಪಿಸುತ್ತಾನೆ. ಅವನು ಇದೇ ಮಾಷ್ಟ್ರ ಕ್ಲಾಸಿನಲ್ಲಿ ಬೆಂಚಿನ ಮೇಲೆ ನಿಂತವನು.

ಕೊಡುವುದು ಸುಲಭ. ಕಷ್ಟ ಇರುವುದು ವಾಪಸಿನಲ್ಲಿ. ರೋಗಿ ಗುಣವಾದರೆ ಸಾಮಾನು ಬರುವುದಿಲ್ಲ.

"ಅಮ್ಮ ಈಗ ಹ್ಯಾಂಗಿದ್ರ್?"

"ಅಡ್ಡಿಲ್ಲೆ ಮಾಷ್ಟ್ರೆ, ನಡೀತ್ರ್."

"ಹಾಂಗಾರೆ ವಾಕರ್?"

"ಇರ್ಲಿ ಅಂದ್ರ್. ಮತ್ತೆ ಬೇಕಾತ್ತಲೆ."

ರೋಗಿ ತೀರಿಕೊಂಡರೂ ಬರುವುದಿಲ್ಲ. ಸೂತಕದ ಮನೆಯಲ್ಲಿ ಅದನ್ನು ಮುಟ್ಟುವವರಿಲ್ಲ, ಸೂತಕ ಕಳೆದ ಮೇಲೆ ನೆನೆಯುವವರಿಲ್ಲ. ಮದುವೆಗೆ ತಂದ ಕಂಚಿನ ಚರಿಗೆ ಮರುದಿನವೇ ತೊಳೆದು ತಲುಪಿಸುವ ಮನೆಯೇ, ಕಮೋಡ್ ಕುರ್ಚಿಯನ್ನು ಕೊಟ್ಟಿಗೆಯ ಅಟ್ಟಕ್ಕೆ ಹಾಕಿ ಮರೆಯುತ್ತದೆ. ಅದನ್ನು ಹಗಲು ಹೊತ್ತು ರಸ್ತೆಯಲ್ಲಿ ಹೊತ್ತು ಬರಲು ಯಾರಿಗೂ ಮನಸ್ಸಿಲ್ಲ.

ಅಟ್ಟ ಸೇರದವು ಬೇರೆ ಉದ್ಯೋಗ ಹಿಡಿಯುತ್ತವೆ. ಮಂದಾರ್ತಿ ಮೇಳದ ಹರಕೆ ಆಟ ನೋಡಲು ಹೋದ ಮಾಷ್ಟ್ರು, ಅಂಗಳದ ಮೂಲೆಯಲ್ಲಿ ಟ್ಯೂಬ್‌ಲೈಟ್ ಹೊತ್ತು ನಿಂತ ತಮ್ಮ ಗ್ಲೂಕೋಸ್ ಸ್ಟ್ಯಾಂಡನ್ನು ಗುರುತಿಸಿ, ರಂಗಸ್ಥಳದಲ್ಲಿ ಮಹಿಷಾಸುರ ಬೊಬ್ಬೆ ಹಾಕುತ್ತಿದ್ದರೂ ಬೆಳಗಿನವರೆಗೆ ಅದನ್ನೇ ಕಾಯುತ್ತ ಕೂತರು. ಗಾಲಿಕುರ್ಚಿಯೊಂದು ಗ್ಯಾಸ್ ಸಿಲಿಂಡರ್ ಸಾಗಿಸುತ್ತಿತ್ತು. ಹಿಡಿ ತಿರುಗಿಸಿದರೆ ತಲೆಯ ಭಾಗ ಏಳುವ ಫೌಲರ್ ಮಂಚ, ಅಜ್ಜ ತೀರಿಕೊಂಡ ಮೇಲೆ ಮೊಮ್ಮಗನ ಐಪಿಎಲ್ ಮಂಚವಾಗಿತ್ತು. ಕೇಳಿದರೆ, "ಅಜ್ಜಯ್ಯನ ನೆನಪಿಗೆ ಇಟ್ಕಂಡದ್ದ್" ಎಂದ.

ಮಾಷ್ಟ್ರ ತಂಗಿಯ ಮಗ, ಕಂಪ್ಯೂಟರ್ ಕಲಿತವನು, ಒಮ್ಮೆ ಎಲ್ಲವನ್ನೂ ಎಕ್ಸೆಲ್ಲಿಗೆ ಹಾಕಿದ. ದೊಡ್ಡ ಆಸ್ಪತ್ರೆಗಳಲ್ಲಿ ಪ್ರತಿ ಯಂತ್ರಕ್ಕೂ ಬಾರ್‌ಕೋಡ್ ಇರುತ್ತದೆ, ಕೆಲವು ಕಡೆ ಅದು ಯಾವ ವಾರ್ಡಿನಲ್ಲಿದೆಯೆಂದು ಹೇಳುವ ಚಿಪ್ಪೂ ಇರುತ್ತದೆ ಎಂದು ವಿವರಿಸಿದ. ಎಕ್ಸೆಲ್ಲಿನ ಪ್ರಕಾರ ಏಳನೇ ನಂಬರಿನ ವಾಕರು ಗೋಳಿಯಂಗಡಿಯಲ್ಲಿತ್ತು. ಗೋಳಿಯಂಗಡಿಯವರು ಅದನ್ನು ಬೆಳ್ವೆಯ ಭಾವನಿಗೆ, ಭಾವ ಅಮಾಸೆಬೈಲಿನ ಅತ್ತೆಗೆ ಕೊಟ್ಟಾಗಿತ್ತು. ಕಡೆಗೊಂದು ದಿನ ಅದು ಬಸ್ಸಿನ ಟಾಪಿನಲ್ಲಿ ಒಂಟಿಯಾಗಿ ಹಾಲಾಡಿ ಪೇಟೆಗೆ ಬಂದಿಳಿಯಿತು, ಕಂಡಕ್ಟರು ಲಗ್ಗೇಜು ಕೇಳಿದ.

ಇದು ನಮ್ಮೂರಿನ ರೋಗ ಮಾತ್ರ ಎಂದು ನಾಚಬೇಕಿಲ್ಲ. ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳೂ "ಊರುಗೋಲು, ವಾಕರು ಮನೆಯಲ್ಲಿದ್ದರೆ ದಯವಿಟ್ಟು ತಂದುಕೊಡಿ, ಯಾರೂ ಏನೂ ಕೇಳುವುದಿಲ್ಲ" ಎಂಬ ಧಾಟಿಯಲ್ಲಿ ಜನರಿಗೆ ಆಗಾಗ ಮೊರೆಯಿಡುತ್ತವೆ. ಇದನ್ನು ಓದಿ ಮಾಷ್ಟ್ರಿಗೆ ಸಮಾಧಾನವಾಯಿತು. "ಏನೂ ಕೇಳುವುದಿಲ್ಲ" ಎಂಬುದೊಂದು ಅವರಿಗೆ ಹಿಡಿಸಲಿಲ್ಲ. ಕೇಳದೆ ಇರುವುದು ಹೇಗೆ? ತಡವಾಯಿತಲ್ಲ ಎಂದರೆ ಊರವರ ಉತ್ತರವೂ ಸಿದ್ಧ: 1979ರಲ್ಲಿ ಮಂಜೂರಾದ ವಾರಾಹಿ ನೀರಾವರಿ ಕಾಲುವೆಗೆ 2015ರಲ್ಲಿ ನೀರು ಬಂತು, ನಿಮ್ಮ ವಾಕರಿಗೆ ಎಂತ ಅರ್ಜೆಂಟು ಮಾರಾಯ್ರೆ?

ದಾನಿಗಳ ಕಾಟ ಬೇರೆ. ಮುಂಬಯಿಯ ಮಗ ಅಪ್ಪಯ್ಯನ ಸ್ಮರಣಾರ್ಥ ಗಾಲಿಕುರ್ಚಿ ಕೊಡುತ್ತಾನೆ, ಬೆನ್ನಿನ ತುಂಬ ಹೆಸರು ಬರೆಸುತ್ತಾನೆ. ಆಮೇಲೆ ಫೋನು: "ಗಡಿ ತಕರಾರಿನ ಕೆಳಮನಿಯರಿಗೆ ಮಾತ್ರ ಅದನ್ನ್ ಕೊಡುಕಾಗ." ಮೊದಲು ಬೇಕಾಗುವುದು ಕೆಳಮನೆಯವರಿಗೇ. ಮಾಷ್ಟ್ರು ಕುರ್ಚಿಯ ಬೆನ್ನಿಗೊಂದು ಬೈರಾಸು ಹೊದೆಸಿ ಕಳಿಸುತ್ತಾರೆ. ಬದುಕಿದ್ದಾಗ ಕೆಳಮನೆಯ ಹೊಸ್ತಿಲು ತುಳಿಯದ ಅಪ್ಪಯ್ಯ, ಬೈರಾಸಿನ ಮರೆಯಲ್ಲಿ ಆರು ತಿಂಗಳು ಅಲ್ಲೇ ಇದ್ದು ಸೇವೆ ಮಾಡಿ ಬರುತ್ತಾರೆ.

ಇಷ್ಟೆಲ್ಲ ಆದ ಮೇಲೆ ಮಾಷ್ಟ್ರು ಬೊಜ್ಜದ ಊಟಕ್ಕೆ ಪುಸ್ತಕ ಹಿಡಿದೇ ಹೋಗತೊಡಗಿದರು. ಪಾಯಸ ಬಡಿಸುವವರೆಗೆ ಗೌರವದಿಂದ ಸುಮ್ಮನಿದ್ದು, ಕೈ ತೊಳೆಯುವಾಗ ತೀರಿಕೊಂಡವರ ಮಗನ ಹತ್ತಿರ ಸರಿಯುತ್ತಿದ್ದರು. ಕೆಲವರು ಅವರನ್ನು ಚಿತ್ರಗುಪ್ತ ಎಂದು ಕರೆದು ನೋಡಿದರು. ಹೆಸರು ನಿಲ್ಲಲಿಲ್ಲ, ಚಿತ್ರಗುಪ್ತ ಡಿಪಾಜಿಟ್ ವಾಪಸ್ ಕೊಡುವುದಿಲ್ಲ.

ಕೊನೆಗೆ ಅವರಿಗೆ ಉಪಾಯ ಹೊಳೆಯಿತು. ಪುಸ್ತಕದಲ್ಲಿ ಹೊಸ ಕಾಲಂ ಎಳೆದರು: ಪಕ್ಕದ ಮನೆಯವರ ಹೆಸರು, ಫೋನ್ ನಂಬರು. ಒಯ್ದವರು ಮರೆಯಬಹುದು, ಕೊಟ್ಟವರೂ ಮರೆಯಬಹುದು. ಪಕ್ಕದ ಮನೆಯವರ ಅಂಗಳದಲ್ಲಿ ಏನಿದೆ ಎಂಬುದನ್ನು ಮಾತ್ರ ಹಾಲಾಡಿಯಲ್ಲಿ ಇದುವರೆಗೆ ಯಾರೂ ಮರೆತದ್ದಿಲ್ಲ. ಇದಕ್ಕೆ ಬ್ಯಾಟರಿ ಬೇಡ, ನೆಟ್‌ವರ್ಕ್ ಬೇಡ, ಆಷಾಢದ ಮಳೆಯಲ್ಲೂ ಕೆಡುವುದಿಲ್ಲ. ವಾರದೊಳಗೆ ಫೋನುಗಳು ಶುರುವಾದವು.

"ಮಾಷ್ಟ್ರೆ, ನಾ ಹೇಳ್ದೆ ಅಂತ ಹೇಳುಕಾಗ. ನಮ್ ಮೇಲ್ಮನಿಯರ್ ನಿಮ್ಮ ವಾಕರ್ ಮೇಲ್ ಬಟ್ಟಿ ಒಣ್ಸ್ತಾ ಇದ್ರ್."

"ಹೌದಾ? ಬರ್ಕಂಡೆ," ಎಂದು ಮಾಷ್ಟ್ರು ಹಾಳೆ ತಿರುವಿದರು. "ಅದಿರ್ಲಿ, ನಿಮ್ಮನಿ ನೀರ್ ಹಾಸ್ಗಿ ಎಲ್ಲಿತ್ತ್? ಅದ್ರ ಸುದ್ದಿ ಮೇಲ್ಮನಿಯರ್ ನಿನ್ನೆಯೇ ಹೇಳಿಯಾಯ್ತ್."

ಫೋನು ಕಟ್ಟಾಯಿತು. ಸಂಜೆಯೊಳಗೆ ವಾಕರೂ ಹಾಸಿಗೆಯೂ ಒಂದೇ ರಿಕ್ಷಾದಲ್ಲಿ ಬಂದವು. ಬಾಡಿಗೆಯನ್ನು ಯಾರು ಕೊಡಬೇಕೆಂಬ ಬಗ್ಗೆ ಎರಡು ಮನೆಯವರಿಗೂ ಇನ್ನೂ ಜಗಳ ಮುಗಿದಿಲ್ಲ.