ತಿಪ್ಪೆಯ ಮೇಲಿನ ಆಕಾಶ

ಡ್ರೋನ್ ಹುಚ್ಚು ಹತ್ತಿಸಿಕೊಳ್ಳುವವರು ಯಲಹಂಕದಲ್ಲಿ ಮನೆ ಮಾಡಬಾರದು. ಮಗ್ಗುಲಲ್ಲೇ ವಾಯುನೆಲೆ, ಈಚೆ ಜಕ್ಕೂರಿನ ಏರೋಡ್ರೋಮ್, ಆಚೆ ದೇವನಹಳ್ಳಿಯ ವಿಮಾನ ನಿಲ್ದಾಣ. ಡ್ರೋನ್ ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಮ್ಮ ಸುತ್ತಮುತ್ತ ಕುಂಕುಮ ಚೆಲ್ಲಿದ ಹಾಗಿದೆ. ಕೆಂಪು ವಲಯದಲ್ಲಿ ಹಾರಿಸಲು ಕೇಂದ್ರ ಸರ್ಕಾರದ ಅನುಮತಿ ಬೇಕು. ತಾರಸಿಯ ನೀರಿನ ಟ್ಯಾಂಕಿನ ಮುಚ್ಚಳ ಇದೆಯೋ ಇಲ್ಲವೋ ಎಂದು ಇಣುಕಲು ದಿಲ್ಲಿಗೆ ಅರ್ಜಿ!

ಹಾಗಂತ ಸರ್ಕಾರವನ್ನು ಪೂರ್ತಿ ಬೈಯುವಂತಿಲ್ಲ. 2021ರ ನಿಯಮದ ಪ್ರಕಾರ ಹಸಿರು ವಲಯದಲ್ಲಿ 400 ಅಡಿವರೆಗೆ ಹಾರಿಸಲು ಅನುಮತಿ ಕೇಳಬೇಕಿಲ್ಲ. 250 ಗ್ರಾಂ ಮೀರದ ‘ನ್ಯಾನೊ’ಗೆ ಪೈಲಟ್ ಲೈಸೆನ್ಸೂ ಬೇಡ. ನಮ್ಮದು ನ್ಯಾನೊ ಎಂದರೆ ನನ್ನಾಕೆ ನಂಬಲಿಲ್ಲ. ಅಡುಗೆಮನೆಯ ತಕ್ಕಡಿಗೆ ಹಾಕಿದಳು. 249. “ಮೇಲೆ ನಿಮ್ಮ ಹೆಸರಿನ ಚೀಟಿ ಬೇರೆ ಅಂಟಿಸಿದ್ದೀರಿ, ಕಿತ್ತುಬಿಡಿ. ಒಂದು ಗ್ರಾಮಿಗೋಸ್ಕರ ಪೊಲೀಸರ ಸಹವಾಸ ಯಾಕೆ?” ಎಂದಳು.

ಕೊನೆಗೆ ತಿಪಟೂರಿನ ಕಡೆಯ ಮಾವನ ಊರಿಗೆ ಹೊತ್ತೊಯ್ದೆ. ನಕ್ಷೆಯಲ್ಲಿ ಅಪ್ಪಟ ಹಸಿರು. ಆದರೆ ಮಾವನವರ ನಿಯಮಾವಳಿ ಯಾವ ಗೆಜೆಟ್ಟಿನಲ್ಲೂ ಬಂದಿಲ್ಲ. “ನೋಡಿ ಅಳಿಯಂದಿರೆ, ಬಚ್ಚಲ ಕಡೆ ಬೇಡ, ಹೆಂಗಸರು ಓಡಾಡ್ತಾರೆ. ತೋಟದಲ್ಲಿ ಹೆಜ್ಜೇನು ಕಟ್ಟಿದೆ. ಕೊಟ್ಟಿಗೆ ಮೇಲೆ ಹೋದ್ರೆ ಎಮ್ಮೆ ಹಾಲು ಬಿಡಲ್ಲ. ಬೇಲಿಯಾಚೆಯದು ದಾಯಾದಿಗಳದ್ದು, ಕೇಸು ಇನ್ನೂ ಕೋರ್ಟಲ್ಲಿದೆ, ನೆರಳೂ ಬೀಳಕೂಡದು.”

ಉಳಿದದ್ದು ತಿಪ್ಪೆಯ ಮೇಲಿನ ಆಕಾಶ. ವಿಡಿಯೊ ಮಾತ್ರ ಸೊಗಸಾಗಿ ಬಂದಿದೆ. ಕೋಳಿಗಳು ಕೂಡ ಸ್ಪಷ್ಟವಾಗಿ ಕಾಣುತ್ತವೆ, ಓಡಿಹೋಗುತ್ತಿರುವುದು.