ಪಾಳ್ಯದಿಂದ ಕೊಚ್ಚಿಗೆ

ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ, ಹಬ್ಬದ ಹಿಂದಿನ ರಾತ್ರಿ, ಹುಬ್ಬಳ್ಳಿ ಬಸ್ಸು ಹತ್ತಿ ಗೆದ್ದವರಿಗೆ ಕ್ರೂಸ್ ಹಡಗು ಯಾವ ಮಹಾ! ‘ತುಮಕೂರು, ಶಿರಾ, ದುರ್ಗಾ’ ಅಂತ ಕೂಗೋರಿಲ್ಲ ಅನ್ನೋದೊಂದೇ ಕೊರತೆ. ಮುಂಬೈಯಲ್ಲಿ ಹತ್ತಿದ ನಮ್ಮ ಹಡಗು ಕೊಚ್ಚಿಯ ವಿಲ್ಲಿಂಗ್ಡನ್ ದ್ವೀಪಕ್ಕೆ ಇನ್ನೂ ತಾಗಿರಲಿಲ್ಲ, ಭಾವ ಆಗಲೇ ಬ್ಯಾಗು ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದರು. ತುಮಕೂರು ರಸ್ತೆಯ ಅಭ್ಯಾಸ.

ಈ ದ್ವೀಪ ದೇವರು ಮಾಡಿದ್ದಲ್ಲ. ಬಂದರಿಗಾಗಿ ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರು ಹಿನ್ನೀರಿನ ಹೂಳೆತ್ತಿ ಮಾಡಿಸಿದ್ದು ಎಂದೆ. ಭಾವ ಬೆರಗಾಗಲಿಲ್ಲ. “ನಾವು ಧರ್ಮಾಂಬುಧಿ ಕೆರೆ ಮುಚ್ಚಿ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಮಾಡ್ಲಿಲ್ವೇನೋ?”

ಚೀನಾ ಬಲೆಗಳ ಮುಂದೆ ಎಲ್ಲರಂತೆ ಫೋಟೋ ಆಯಿತು. ಆಮೇಲೆ ಸೇಂಟ್ ಫ್ರಾನ್ಸಿಸ್ ಚರ್ಚು, ವಾಸ್ಕೋ ಡ ಗಾಮನ ಸಮಾಧಿ. ಆಸಾಮಿ 1524ರಲ್ಲಿ ಕೊಚ್ಚಿಯಲ್ಲೇ ತೀರಿಕೊಂಡ. 1539ರಲ್ಲಿ ಅವಶೇಷವನ್ನು ಪೋರ್ಚುಗಲ್ಲಿಗೆ ಒಯ್ದರು, ಉಳಿದಿರುವುದು ಕಲ್ಲು ಮಾತ್ರ.

ಅಕ್ಕ ಕಂಬಿಯ ಮೇಲಿಂದ ಬಗ್ಗಿ ನೋಡಿದಳು. “ಹದಿನೈದು ವರ್ಷ ಇದ್ದು ಖಾಲಿ ಮಾಡಿದ್ನಾ? ಅಡ್ವಾನ್ಸು ಪೂರ್ತಿ ವಾಪಸ್ ಬಂತಂತಾ?”

“ಎಲ್ಲಿ ಬರತ್ತೆ,” ಅಂದರು ಭಾವ, “ಪೇಂಟಿಂಗಿಗೆ ಅಂತ ಒಂದು ತಿಂಗಳಿಂದು ಹಿಡ್ಕೊಂಡಿರ್ತಾರೆ.”