ಚೌಕಿಪ್ರವೇಶ ಮೀಮಾಂಸೆ

ಗುಪ್ತಸಂಘಗಳ ಬಗ್ಗೆ ಜಗತ್ತಿನಲ್ಲಿ ನಡೆದಿರುವ ಸಂಶೋಧನೆಯಲ್ಲಿ ಬೆಳ್ತಂಗಡಿ ತಾಲೂಕಿಗೆ ಸಲ್ಲಬೇಕಾದ ಮರ್ಯಾದೆ ಇನ್ನೂ ಸಂದಿಲ್ಲ. ಆ ಕೊರತೆಯನ್ನು ನೀಗುವುದೇ ಪ್ರಸ್ತುತ ಪ್ರಬಂಧದ ಪ್ರಯೋಜನ. ಅಧ್ಯಯನಕ್ಕೆ ಆರಿಸಿಕೊಂಡ ಕ್ಷೇತ್ರ ಮುಂಡಾಜೆ. ಉಜಿರೆಯಿಂದ ಚಾರ್ಮಾಡಿ ಘಾಟಿಗೆ ಹೋಗುವ ದಾರಿಯಲ್ಲಿ ಸಿಗುವ ಅಡಿಕೆ ತೋಟಗಳ ಊರು. ತುಳು, ಕನ್ನಡ, ಕೊಂಕಣಿ, ಮಲಯಾಳಗಳ ಜೊತೆ ಚಿತ್ಪಾವನಿಯೂ ಕಿವಿಗೆ ಬೀಳುವ ಊರು. ಇಷ್ಟು ಭಾಷೆಗಳಿದ್ದರೂ ಒಂದು ಪ್ರಶ್ನೆಗೆ ಮಾತ್ರ ಯಾವ ಭಾಷೆಯಲ್ಲೂ ನೇರ ಉತ್ತರ ಹುಟ್ಟುವುದಿಲ್ಲ: ಯಕ್ಷಗಾನ ಮೇಳದ ಚೌಕಿಗೆ, ಅಂದರೆ ವೇಷ ಕಟ್ಟುವ ಬಣ್ಣದ ಮನೆಗೆ, ಸೇರುವುದು ಹೇಗೆ?

ಮೊದಲಿಗೆ ಪೂರ್ವಪಕ್ಷ. ರಜೆಯಲ್ಲಿ ಕಂಪ್ಯೂಟರಿನ ಮುಂದೆ ಕೂತ ಹುಡುಗರು ಹೇಳುವಂತೆ, ಮಾಂತ್ರಿಕರ ಸಂಘಕ್ಕೆ ಸೇರುವ ದಾರಿ ಬಹಳ ಸ್ಪಷ್ಟ. ‘ಎಲ್ಡರ್ ಸ್ಕ್ರಾಲ್ಸ್’ ಸರಣಿಯಲ್ಲಿ 2011ರಲ್ಲಿ ಬಂದ ‘ಸ್ಕೈರಿಮ್’ ಆಟವನ್ನೇ ತೆಗೆದುಕೊಳ್ಳಿ. ಅದರ ಮಾಂತ್ರಿಕ ವಿದ್ಯಾಲಯಕ್ಕೆ ಹೋಗುವ ಸೇತುವೆಯ ಬುಡದಲ್ಲಿ ಒಬ್ಬಳು ನಿಂತಿರುತ್ತಾಳೆ. ಒಂದು ಮಂತ್ರ ಪ್ರಯೋಗಿಸಿ ತೋರಿಸು ಎನ್ನುತ್ತಾಳೆ. ಮಂತ್ರ ಬಾರದಿದ್ದರೆ 30 ಚಿನ್ನದ ನಾಣ್ಯಕ್ಕೆ ಅವಳೇ ಮಾರುತ್ತಾಳೆ. ಪರೀಕ್ಷಕರೇ ಉತ್ತರವನ್ನೂ ಮಾರುವ ಈ ಪದ್ಧತಿ ಶಿಕ್ಷಣ ತಜ್ಞರಿಗೆ ಅಪರಿಚಿತವೇನಲ್ಲ. ಅದೇ ಆಟದಲ್ಲಿ ‘ಸೈಜಿಕ್’ ಎಂಬ ಇನ್ನೂ ಗುಪ್ತವಾದ ಪಂಗಡವಿದೆ. ಅವರು ಕಾಲವನ್ನೇ ನಿಲ್ಲಿಸಿ ಬಂದು ನಾಯಕನಿಗೆ ನಾಲ್ಕು ಮಾತು ಹೇಳಿ ಮಾಯವಾಗುತ್ತಾರೆ, ಸೇರಿಸಿಕೊಳ್ಳುವ ಮಾತೆತ್ತುವುದಿಲ್ಲ. ಅವರ ದ್ವೀಪವೂ ಹಾಗೆಯೇ, ಶತಮಾನಗಟ್ಟಲೆ ಕಾಣೆಯಾಗಿತ್ತಂತೆ. ಕೊನೆಗೆ ಅದೇ ಸರಣಿಯಲ್ಲಿ 2018ರಲ್ಲಿ ಬಂದ ‘ಸಮರ್‌ಸೆಟ್’ ಕಂತಿನಲ್ಲಿ ಬಾಗಿಲು ತೆರೆಯಿತು. ಕಾಲದಲ್ಲಿ ಬಿದ್ದ ಬಿರುಕುಗಳನ್ನು ಹುಡುಕಿ ಹುಡುಕಿ ಮುಚ್ಚುತ್ತಾ ಹೋದರೆ ಒಂದೊಂದೇ ಮೆಟ್ಟಿಲು ಏರಿ 10ಕ್ಕೆ ತಲುಪಬಹುದು. ಎಲ್ಲಿದ್ದೀರಿ, ಇನ್ನೆಷ್ಟು ಬಾಕಿ, ಎಲ್ಲವೂ ಪರದೆಯ ಮೇಲೆ ಕಾಣುತ್ತದೆ.

ಇದಕ್ಕೆ ನಮ್ಮ ಸಿದ್ಧಾಂತ: ಕಾಣುವ ಮೆಟ್ಟಿಲಿದ್ದರೆ ಅದು ಗುಪ್ತಸಂಘವೇ ಅಲ್ಲ, ಸರಕಾರಿ ನೌಕರಿ.

ಚೌಕಿಯೂ ಕಾಣೆಯಾಗುವ ದ್ವೀಪವೇ. ಸಂಜೆ ಗದ್ದೆಯಲ್ಲಿ ಎದ್ದು ಬೆಳಿಗ್ಗೆ ಲಾರಿ ಹತ್ತಿ ಹೋಗಿರುತ್ತದೆ. ನವೆಂಬರ್ ಹೊತ್ತಿಗೆ ತಿರುಗಾಟಕ್ಕೆ ಹೊರಟ ಮೇಳ ಪತ್ತನಾಜೆಗೆ, ಅಂದರೆ ಮೇ 24ರ ಆಸುಪಾಸಿಗೆ, ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವಿಡೀ ಅದೃಶ್ಯ. ಚೌಕಿಗೆ ಬಾಗಿಲಿಲ್ಲ, ಸುತ್ತ ಬಟ್ಟೆ ಕಟ್ಟಿರುತ್ತದೆ. ಕಾವಲುಗಾರರಿಲ್ಲ, ಮಂತ್ರಪರೀಕ್ಷೆಯಿಲ್ಲ. ಯಾರು ಬೇಕಾದರೂ ಇಣುಕಬಹುದು; ಆಟಕ್ಕೆ ಬಂದ ಊರಿನ ಮಕ್ಕಳೆಲ್ಲ ಇಣುಕುತ್ತವೆ. ಇಣುಕುವುದಕ್ಕೂ ಇರುವುದಕ್ಕೂ ನಡುವಿನ ಅಂತರವೇ ಈ ಶಾಸ್ತ್ರದ ವಸ್ತು.

ಒಳಗೆ ದೇವರ ಪೆಟ್ಟಿಗೆಯ ಮುಂದೆ ಚೌಕಿಪೂಜೆ. ಅಲ್ಲಿಂದ ಎರಡು ಸಾಲು. ಯಾರ ಪೆಟ್ಟಿಗೆ ಎಲ್ಲಿ, ಯಾರು ಎಲ್ಲಿ ಕೂತು ಬಣ್ಣ ಹಚ್ಚಬೇಕು ಎಂಬುದು ನಿಷ್ಕರ್ಷೆಯಾಗಿದೆ, ಆದರೆ ಬರೆದಿಟ್ಟಿಲ್ಲ. ತಪ್ಪು ಜಾಗದಲ್ಲಿ ಕೂತವನಿಗೆ ಯಾರೂ ಏಳು ಅನ್ನುವುದಿಲ್ಲ. ಸುಮ್ಮನೆ ನೋಡುತ್ತಾರೆ. ಸಾಕಾಗುತ್ತದೆ.

ಪದವಿಗಳ ಶ್ರೇಣಿ ತೆಂಕುತಿಟ್ಟಿನಲ್ಲಿ ಮೇಲುನೋಟಕ್ಕೆ ಸರಳ. ಪೂರ್ವರಂಗದಲ್ಲಿ ಕುಣಿಯುವ ಕೋಡಂಗಿ ಎಲ್ಲಕ್ಕಿಂತ ಕೆಳಗೆ. ಆಮೇಲೆ ಬಾಲಗೋಪಾಲ, ನಂತರ ಸ್ತ್ರೀವೇಷ. ಕಾಲಿನಲ್ಲಿ ಕಸುವಿದ್ದು ದಿಗಿಣ ಸಲೀಸಾದರೆ ಪುಂಡುವೇಷ: ಅಭಿಮನ್ಯು, ಬಭ್ರುವಾಹನ, ಚಂಡ ಮುಂಡರು. ಮಾತು ಹರಿತವಾಗಿ ಕಿರೀಟದ ಭಾರ ಕುತ್ತಿಗೆಗೆ ಒಗ್ಗಿದ ಮೇಲೆ ಎದುರು ವೇಷ, ಪೀಠಿಕೆ ವೇಷ. ಕೋಡಂಗಿಯಿಂದ ಹೊರಟವರೆಲ್ಲ ಎದುರು ವೇಷಕ್ಕೆ ಮುಟ್ಟುತ್ತಾರೆ ಎಂದಲ್ಲ; ಬಾಲಗೋಪಾಲದಲ್ಲೇ ಮೀಸೆ ಬಂದವರಿದ್ದಾರೆ. ಧರ್ಮಸ್ಥಳದ ಲಲಿತ ಕಲಾ ಕೇಂದ್ರದಂಥ ತರಬೇತಿ ಶಾಲೆಗಳಲ್ಲಿ ತಾಳ, ಹೆಜ್ಜೆ, ಮುದ್ರೆ ಕಲಿಸುತ್ತಾರೆ, ನಿಜ. ಆದರೆ ಹೆಜ್ಜೆ ಬಂದವನು ಮೇಳಕ್ಕೆ ಸೇರಿದ ಹಾಗಾಯಿತು, ಚೌಕಿಗೆ ಸೇರಿದ ಹಾಗಲ್ಲ. ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಮೇಲೆ ರಂಗದ ಬಗ್ಗೆ ವಿದ್ವಾಂಸರು ಬೇಕಾದಷ್ಟು ಬರೆದರು. ಅವರಲ್ಲಿ ಹೆಚ್ಚಿನವರು ಕುರ್ಚಿ ಸಿಗುವ ಕಡೆ ಕೂತವರು.

ನಿಜವಾದ ದೀಕ್ಷೆ ಬಣ್ಣದ ವೇಷದವರ ಹತ್ತಿರ. ದೇವಿಮಹಾತ್ಮೆಯ ಆಟವೆಂದು ಇಟ್ಟುಕೊಳ್ಳಿ. ಮಹಿಷಾಸುರ ರಂಗಕ್ಕೆ ಬರುವುದು ತಡರಾತ್ರಿ, ಅದೂ ಜನರ ನಡುವಿನಿಂದ, ದೊಂದಿಯ ಬೆಳಕಲ್ಲಿ, ರಾಳದ ಪುಡಿಯ ಬೆಂಕಿ ಭಗ್ಗೆನ್ನಿಸುತ್ತಾ. ಅವನು ಕನ್ನಡಿ ಎದುರು ಕೂರುವುದು ಮಾತ್ರ ಮೂರು ನಾಲ್ಕು ತಾಸು ಮೊದಲೇ. ತೆಂಗಿನೆಣ್ಣೆಯಲ್ಲಿ ಕಲಸಿದ ಬಣ್ಣ ಮುಖಕ್ಕೆ ಹತ್ತಿದ ಮೇಲೆ ಚುಟ್ಟಿ ಇಡುವ ಕೆಲಸ. ಅಕ್ಕಿಹಿಟ್ಟು, ಸುಣ್ಣ ಸೇರಿಸಿದ ಹದವನ್ನು ಸಣ್ಣ ಕಡ್ಡಿಯ ತುದಿಯಲ್ಲಿ ತೆಗೆದು ಒಂದರ ಪಕ್ಕ ಒಂದು ಮುಳ್ಳಿನಂತೆ ಎಬ್ಬಿಸುತ್ತಾ ಹೋಗಬೇಕು. ಒಂದು ಸಾಲು ಒಣಗಬೇಕು, ಅದರ ಮೇಲೆ ಇನ್ನೊಂದು. ನಕ್ಕರೆ ಚುಟ್ಟಿ ಉದುರುತ್ತದೆ. ಮಾತಾಡಿದರೂ ಅಷ್ಟೆ. ಆದ್ದರಿಂದ ಆ ಹೊತ್ತಿಗೆ ಮಹಿಷಾಸುರ ಮೌನವ್ರತಿ. ಅವನ ಭಾಷೆ ಕಣ್ಣು ಮಾತ್ರ. ಕಣ್ಣು ಎಡಕ್ಕೆ ಹೊರಳಿದರೆ ಬೆಳಕು ಸರಿಸಬೇಕು. ಕೆಳಗೆ ಹೊರಳಿದರೆ ಮೊಣಕಾಲ ಮೇಲೆ ಸೊಳ್ಳೆ ಕೂತಿದೆ. ಎರಡು ಸಲ ಮುಚ್ಚಿ ತೆರೆದರೆ, ಹಾಸ್ಯದವನು ಪಕ್ಕದಲ್ಲಿ ಏನೋ ಹೇಳಿ ನಗಿಸುತ್ತಿದ್ದಾನೆ, ಅವನನ್ನು ಆಚೆ ಕಳಿಸು ಎಂದರ್ಥ. ಇಷ್ಟನ್ನು ಕೇಳದೆ ತಿಳಿದು ಮಾಡುವ ಹುಡುಗ ದೀಕ್ಷೆಯ ಮೊದಲ ಘಟ್ಟ ದಾಟಿದಂತೆ. ಕಾಲದ ಬಿರುಕು ಮುಚ್ಚುವುದು ಇದರ ಮುಂದೆ ಸುಲಭದ ಕೆಲಸ, ಅಲ್ಲಿ ಸೊಳ್ಳೆಯಿಲ್ಲ.

ಎರಡನೆಯ ಘಟ್ಟ ನಿದ್ದೆ. ‘ಎಂಥ ಮಾರಾಯಾ, ಕಣ್ಣು ಎಳೆಯುತ್ತದಾ?’ ಎಂದು ಸ್ತ್ರೀವೇಷದವರು ಕೇಳಿದಾಗ ‘ಇಲ್ಲ ಅಣ್ಣ’ ಎನ್ನಬೇಕು, ಹೇಳುವಾಗ ಆಕಳಿಸಬಾರದು. ಕಾಲಮಿತಿಯ ಆಟಗಳು ಬಂದ ಮೇಲೆ ಈ ಘಟ್ಟ ಅರ್ಧ ರಾತ್ರಿಗೇ ಮುಗಿಯುತ್ತದೆ. ದೀಕ್ಷೆಯ ಮಟ್ಟ ಕುಸಿಯಿತೆಂದು ಹಳಬರ ಗೊಣಗಾಟ. ಅವರು ಗೊಣಗುವುದೂ ಮನೆಗೆ ಹೋಗಿ ಮಲಗುವ ದಾರಿಯಲ್ಲೇ.

ಒಂದು ಆಕ್ಷೇಪವನ್ನು ಇಲ್ಲಿ ಎತ್ತಲೇಬೇಕು. ಸೈಜಿಕ್ ದ್ವೀಪದವರು ಬಾಗಿಲು ತೆರೆದಾಗ ಹೆಣ್ಣು ಗಂಡೆಂದು ನೋಡಲಿಲ್ಲ. ನಮ್ಮಲ್ಲಿ ನಾಟ್ಯದ ತರಗತಿಗಳಿಗೆ ಹುಡುಗಿಯರು ಉತ್ಸಾಹದಿಂದ ಬರುತ್ತಾರೆ, ಮಹಿಳಾ ತಂಡಗಳೂ ಇವೆ. ತಿರುಗಾಟದ ಮೇಳದ ಚೌಕಿಯಲ್ಲಿ ಮಾತ್ರ ಸ್ತ್ರೀವೇಷವೆಂದರೆ ಇಂದಿಗೂ ಮೀಸೆ ಬೋಳಿಸಿಕೊಂಡ ಗಂಡಸರೇ. ಇದಕ್ಕೆ ಕೊಡುವ ಶಾಸ್ತ್ರಾಧಾರಗಳನ್ನೆಲ್ಲ ಪರಿಶೀಲಿಸಿದ್ದಾಯಿತು. ಅವು ಶಾಸ್ತ್ರವಲ್ಲ, ಆಧಾರವೂ ಅಲ್ಲ.

ಸದಸ್ಯತ್ವ ಸಿಕ್ಕಿತೆಂದು ತಿಳಿಯುವ ಲಕ್ಷಣವೇನು? ಸೋಮಂತಡ್ಕದ ಚಾದಂಗಡಿಯಲ್ಲಿ ಎರಡು ಮತಗಳು ಪ್ರಚಲಿತ. ಭಾಗವತರು ಹೆಸರು ಹಿಡಿದು ಬೈದ ದಿನ ಎಂಬುದು ಒಂದು. ಮೇಳದ ಬಸ್ಸು ಹೊರಡುವಾಗ ‘ಇವ ಯಾರ ಮಗ?’ ಎಂದು ಕೇಳಿದರೆ ಇನ್ನೂ ಹೊರಗಿನವ, ‘ಅವ ಎಲ್ಲಿ ಸತ್ತ?’ ಎಂದು ಕೂಗಿದರೆ ಒಳಗಿನವ ಎಂಬುದು ಇನ್ನೊಂದು. ಲೇಖಕನ ಒಲವು ಎರಡನೆಯದರ ಕಡೆಗೆ. ಬೈಗುಳ ಹೊರಗಿನವರಿಗೂ ಸಿಗುತ್ತದೆ, ಬಸ್ಸಿನಲ್ಲಿ ಜಾಗ ಸಿಗುವುದಿಲ್ಲ.

ಉಳಿದದ್ದು ಬಾಧಕ ಪ್ರಕರಣ, ಎಂದರೆ ಅಪ್ಪ. ದ್ವಿತೀಯ ಪಿಯುಸಿ ಪರೀಕ್ಷೆ, ತೋಟಕ್ಕೆ ಮದ್ದು ಬಿಡುವುದು, ಒಣಗಲು ಹಾಕಿದ ಅಡಿಕೆ, ಹೀಗೆ ಅವರ ವಾದಗಳು ಬಲವಾಗಿವೆ. ಖಂಡಿಸಲು ಈ ಲೇಖಕನಿಂದಾಗದು. ಅಪ್ಪ ಬಾಯಿ ಬಿಟ್ಟು ಹೋಗು ಎಂದ ಉದಾಹರಣೆ ಎಲ್ಲೂ ದೊರೆಯಲಿಲ್ಲ. ಅವರು ಕೊಟ್ಟಿಗೆಯ ಕಡೆ ಹೋದ ಹೊತ್ತು ನೋಡಿ ಅಮ್ಮ ಚೀಲಕ್ಕೆ ಹೊದಿಕೆಯನ್ನೂ ಹಲಸಿನ ಹಪ್ಪಳವನ್ನೂ ತುಂಬಿದ ಉದಾಹರಣೆಗಳು ಧಾರಾಳ.